ಶಿಖರ ಆಯ್ತು, ಇನ್ನು ಬಯಲು

ಕೇದಾರಕಂಠದಿಂದ ಇಳಿದು ಬಂದ ಮೂರನೇ ದಿನಕ್ಕೇ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪ್ರಶ್ನೆ ಬಂತು: ‘ನೆಕ್ಸ್ಟ್ ಎಲ್ಲಿಗೆ?’ ಆಗ ನನ್ನ ಮೊಣಕಾಲಿನ ನೋವೇ ಇನ್ನೂ ಹೋಗಿರಲಿಲ್ಲ. ನಾವು ಐದು ಜನ. ಇಬ್ಬರು ಹುಮನಾಬಾದಿನವರು, ಒಬ್ಬ ಬಸವಕಲ್ಯಾಣದವನು, ಉಳಿದಿಬ್ಬರು ಹೈದರಾಬಾದಿನ ಆಫೀಸಿನಲ್ಲಿ ಜೊತೆಯಾದವರು. ವರ್ಷಕ್ಕೆ ಒಂದು ಟ್ರಿಪ್ಪು ಅಂತ ಪ್ರತಿ ತಿಂಗಳೂ ಒಂದಿಷ್ಟು ದುಡ್ಡು ಎತ್ತಿಡುತ್ತೇವೆ. ಈ ಸಲ ಒಂದು ವರ್ಷ ಬಿಟ್ಟು, ದುಡ್ಡು ಕೂಡಿಸಿ, ದೊಡ್ಡದಾಗಿ ಏನಾದರೂ ಮಾಡೋಣ ಅಂತ ಮಾತಾಗಿತ್ತು. ಪೋಲ್ ಹಾಕಿದರು. ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಮೂರು ವೋಟು. ತಾಂಜಾನಿಯಾಕ್ಕೆ ಒಂದು, ಅದು ನನ್ನದು. ಇನ್ನೊಬ್ಬ ಎಂದಿನಂತೆ ‘ಏನಾದ್ರೂ ಸರಿ’.

ಸೋತ ವೋಟಿನ ಪರವಾಗಿ ನಾಲ್ಕು ಮಾತು ಬರೆಯಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ತಾಂಜಾನಿಯಾ ಅಂದ ಕೂಡಲೇ ಚಾರಣ ಮಾಡುವವರ ಕಿವಿ ನೆಟ್ಟಗಾಗುತ್ತದೆ, ಯಾಕೆಂದರೆ ಕಿಲಿಮಂಜಾರೋ ಇರುವುದು ಅಲ್ಲೇ. 5,895 ಮೀಟರ್, ಆಫ್ರಿಕಾದ ಅತಿ ಎತ್ತರದ ಶಿಖರ. ಟೂರ್ ಕಂಪನಿಗಳು ಅದನ್ನು ಏಳೆಂಟು ದಿನದ ಚಾರಣ ಮಾಡಿಸಿ, ಕೊನೆಗೆ ಮೂರು ದಿನ ಸಫಾರಿ ಸೇರಿಸಿ ಮಾರುತ್ತವೆ. ಚಾರಣ ಮೊದಲು, ಸಫಾರಿ ಆಮೇಲೆ. ದಣಿದ ಕಾಲಿಗೆ ಜೀಪಿನ ಸೀಟು ಹಿತ ಅನ್ನೋದು ಲೆಕ್ಕ. ಅಂದರೆ ಅಲ್ಲಿ ಸಫಾರಿ ಊಟವಲ್ಲ, ಊಟ ಆದ ಮೇಲಿನ ಎಲೆ-ಅಡಿಕೆ. ನಾನು ಗ್ರೂಪಿನಲ್ಲಿ ಕೇಳಿದ್ದು ಇಷ್ಟೇ: ಬೆಟ್ಟ ಒಂದು ಹತ್ತಿಯಾಯ್ತಲ್ಲ, ಈಗ ಬೆಟ್ಟ ಬಿಟ್ಟು ಸಫಾರಿಯನ್ನೇ ಊಟ ಮಾಡಿಕೊಂಡರೆ ಹೇಗೆ?

‘ಸಫಾರಿ ಅಂದ್ರ ಜೀಪಿನ್ಯಾಗ ಕುಂಡ್ರೋದು. ಅದೇನ್ ಸಾಹಸಲೇ? ರಿಟೈರ್ ಆದೋರು ಮಾಡೋ ಕೆಲಸ ಅದು’ ಅಂತ ಬಸವಕಲ್ಯಾಣದ ಗೆಳೆಯ ಉತ್ತರ ಕೊಟ್ಟ. ಅದಕ್ಕೆ ನಾಲ್ಕು ಲೈಕು ಬಿದ್ದವು. ಅದರಲ್ಲಿ ಒಂದು ‘ಏನಾದ್ರೂ ಸರಿ’ಯವನದ್ದು.

ಕೇದಾರಕಂಠದ ತುದಿಯಲ್ಲಿ ಏನಾಯಿತು ಅಂತ ಹೇಳಿಬಿಡುತ್ತೇನೆ. ಸಾಂಕ್ರಿಯಿಂದ ಹೊರಟು, ಹಿಮದಲ್ಲಿ ಟೆಂಟು ಹಾಕಿ, ಕೊನೆಯ ದಿನ ನಸುಕಿಗೂ ಮುಂಚೆ ಎದ್ದು, ಟಾರ್ಚ್ ಹಣೆಗೆ ಕಟ್ಟಿಕೊಂಡು 3,800 ಮೀಟರ್ ಎತ್ತರಕ್ಕೆ ಹತ್ತಿದೆವು. ಅದ್ಭುತವೇ, ಸುಳ್ಳು ಹೇಳಲ್ಲ. ಸುತ್ತ ಹಿಮದ ಸಾಲು ಕೆಂಪಾಗುತ್ತಿರುವಾಗ ನನ್ನ ಕಣ್ಣಲ್ಲಿ ನೀರು ಬಂತು. ಆದರೆ ತುದಿಯಲ್ಲಿ ಫೋಟೊಗೆ ಕ್ಯೂ ಇತ್ತು. ಬಾವುಟ ಹಿಡಿದು ಒಬ್ಬ, ಕಂಪನಿಯ ಬ್ಯಾನರ್ ಹಿಡಿದು ಒಬ್ಬ. ನಮ್ಮ ಪಾಳಿ ಬಂದಾಗ ನಾವೂ ಹಲ್ಲು ಕಿರಿದು ನಿಂತೆವು. ಮೇಲೆ ಇದ್ದದ್ದು ಬಹಳ ಅಂದರೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಬೆಟ್ಟವನ್ನು ನೋಡಿದ್ದಕ್ಕಿಂತ ನನ್ನನ್ನೇ ನಾನು ನೋಡಿಕೊಂಡದ್ದು ಹೆಚ್ಚು. ನನ್ನ ಉಸಿರು, ನನ್ನ ಕಾಲು, ನನ್ನ ಫೋಟೊ. ಮರಳಿ ಬಂದ ಮೇಲೆ ಅಲ್ಲಿ ಯಾವ ಹಕ್ಕಿ ನೋಡಿದೆ ಅಂತ ತಂಗಿ ಕೇಳಿದಳು. ಒಂದರ ಹೆಸರೂ ಹೇಳಲು ಬರಲಿಲ್ಲ.

ಇದು ನನ್ನೊಬ್ಬನ ಕತೆ ಅಲ್ಲ. 2024ರ ಜನವರಿ ಕೊನೆಯ ವಾರಾಂತ್ಯ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಗೇ ನುಗ್ಗಿದ ವಿಡಿಯೊ ನೀವೂ ನೋಡಿರುತ್ತೀರಿ. ಬಸ್‌ಸ್ಟ್ಯಾಂಡಿನಲ್ಲಿ ನಿಂತಂತೆ ಜನ ಬೆಟ್ಟದ ಮೇಲೆ ಸಾಲುಗಟ್ಟಿದ್ದರು. ಅದಾದ ಮೇಲೆಯೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿದ್ದು. ಪುಷ್ಪಗಿರಿ ವನ್ಯಜೀವಿಧಾಮದ ಒಳಗಿನ ಬೆಟ್ಟ ಅದು. ಹತ್ತಿದವರಲ್ಲಿ ಎಷ್ಟು ಜನಕ್ಕೆ ಅದು ವನ್ಯಜೀವಿಧಾಮ ಅಂತ ನೆನಪಿತ್ತೋ!

ಬೆಟ್ಟ ಹತ್ತುವುದು ತಪ್ಪು ಅಂತಲ್ಲ. ಮತ್ತೊಂದು ಬೆಟ್ಟ, ಇನ್ನೂ ಎತ್ತರದ್ದು, ಆಮೇಲೆ ಅದಕ್ಕಿಂತ ಎತ್ತರದ್ದು ಅನ್ನೋದು ಪರೀಕ್ಷೆಯ ಮಾರ್ಕ್ಸಿನ ಹಾಗೆ ಆಗಿಬಿಟ್ಟಿದೆ. ಸಫಾರಿಯಲ್ಲಿ ಮಾರ್ಕ್ಸು ಇಲ್ಲ. ಸೆರೆಂಗೆಟಿಯಲ್ಲಿ ವಾಹನದಿಂದ ಇಳಿಯುವ ಹಾಗಿಲ್ಲ, ದಾರಿ ಬಿಟ್ಟು ಹೋಗುವ ಹಾಗಿಲ್ಲ, ಕತ್ತಲಾದ ಮೇಲೆ ಓಡಾಡುವ ಹಾಗಿಲ್ಲ. ಸಿಂಹ ಮಲಗಿದ್ದರೆ ಮಲಗೇ ಇರುತ್ತದೆ, ನೀವು ಎಷ್ಟು ಡಾಲರ್ ಕೊಟ್ಟಿದ್ದೀರಿ ಅಂತ ಎದ್ದು ನೋಡಲ್ಲ. ಗಂಟೆಗಟ್ಟಲೆ ಸುಮ್ಮನೆ ಕೂರಬೇಕು. ನಮ್ಮ ವಯಸ್ಸಿನವರಿಗೆ ಐದು ಸಾವಿರ ಮೀಟರ್ ಹತ್ತುವುದಕ್ಕಿಂತ ಇದೇ ಕಷ್ಟ ಅಂತ ನನ್ನ ಅನುಮಾನ. ಫೋನ್ ಮುಟ್ಟದೆ ಎರಡು ತಾಸು ಕೂತು ನೋಡಿ.

ಆದರೆ ನನ್ನ ವೋಟಿಗೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಅದನ್ನು ಗ್ರೂಪಿನಲ್ಲಿ ಬರೆಯಲು ಸಂಕೋಚವಾಯಿತು.

ನಾವು ಬೀದರ್ ಜಿಲ್ಲೆಯವರು ಬಯಲಿನವರು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗಿ ನೋಡಿ, ಬೆಟ್ಟ ಅಂತ ಒಂದೂ ಕಾಣಲ್ಲ. ತೊಗರಿ, ಸೋಯಾ, ಕಬ್ಬು, ನಡುನಡುವೆ ಕೆಂಪು ಮಡ್ಡಿ, ಜಾಲಿ ಗಿಡ, ಮೇಲೆ ಇಷ್ಟಗಲ ಆಕಾಶ. ವಿಚಿತ್ರ ಅಂದರೆ ನಾವು ಆಗಲೇ ಎತ್ತರದಲ್ಲಿದ್ದೇವೆ. ಸಮುದ್ರಮಟ್ಟದಿಂದ 600 ಮೀಟರ್‌ಗೂ ಮೇಲೆ. ಆದರೆ ಸುತ್ತ ಎಲ್ಲವೂ ಅಷ್ಟೇ ಎತ್ತರ ಇರೋದರಿಂದ ಯಾರಿಗೂ ಗೊತ್ತಾಗಲ್ಲ. ಬೆಂಗಳೂರಿನವರು ‘ನಿಮ್ಮೂರಲ್ಲಿ ನೋಡೋಕೆ ಏನಿದೆ’ ಅಂತ ಕೇಳಿದರೆ ಬೀದರಿನ ಕೋಟೆ, ಬಸವಕಲ್ಯಾಣದ ಅನುಭವ ಮಂಟಪ, ಹುಮನಾಬಾದಿನ ವೀರಭದ್ರೇಶ್ವರ, ಮಾಣಿಕನಗರ ಅಂತ ಹೇಳುತ್ತೇವೆ. ‘ಪ್ರಕೃತಿ?’ ಅಂದರೆ ತಲೆ ಕೆರೆದುಕೊಳ್ಳುತ್ತೇವೆ. ಪ್ರಕೃತಿ ಅಂದರೆ ಮಲೆನಾಡು, ಜೋಗ, ಕೊಡಗು ಅಂತ ನಮ್ಮ ಪಠ್ಯಪುಸ್ತಕದಿಂದ ಸಿನಿಮಾ ಹಾಡಿನ ತನಕ ಎಲ್ಲರೂ ಕಲಿಸಿಬಿಟ್ಟಿದ್ದಾರೆ. ನಮ್ಮದು ಬರೀ ಬಿಸಿಲು. ನಾನೂ ಹಾಗೇ ನಂಬಿಕೊಂಡು ಬೆಳೆದವನು. ಕಾಡು ನೋಡಬೇಕು ಅನ್ನಿಸಿದರೆ ಪಕ್ಕದ ಕಲಬುರಗಿ ಜಿಲ್ಲೆಯ ಚಿಂಚೋಳಿಗೆ ಹೋಗುತ್ತಿದ್ದೆವು. ಅದು ಸುಮಾರು 135 ಚದರ ಕಿಲೊಮೀಟರಿನ ವನ್ಯಜೀವಿಧಾಮ. ಅಲ್ಲಿ ಚಂದ್ರಂಪಳ್ಳಿ ಜಲಾಶಯದ ಸುತ್ತ ಗುಡ್ಡ, ಮರ, ನೆರಳು ಇದೆ. ಅದು ‘ನೇಚರ್’. ನಮ್ಮ ಮಡ್ಡಿ ‘ಖಾಲಿ ಜಾಗ’.

ಮೊದಲ ಸಲ ಈ ನಂಬಿಕೆ ಅಲ್ಲಾಡಿದ್ದು ಸೆರೆಂಗೆಟಿ ಬಗ್ಗೆ ಓದುವಾಗ. ಮಾಸಾಯಿ ಭಾಷೆಯಲ್ಲಿ ಆ ಹೆಸರಿನ ಅರ್ಥ ‘ಕೊನೆಯಿಲ್ಲದ ಬಯಲು’ ಅಂತಂತೆ. ಉದ್ಯಾನದ ವಿಸ್ತೀರ್ಣ 14,763 ಚದರ ಕಿಲೊಮೀಟರ್, ಅಂದರೆ ಎರಡೂವರೆ ಬೀದರ್ ಜಿಲ್ಲೆಗಿಂತ ದೊಡ್ಡದು. ಅದರ ದಕ್ಷಿಣದ ಭಾಗದಲ್ಲಿ ಮರವೇ ಇಲ್ಲ, ಗಿಡ್ಡ ಹುಲ್ಲು ಅಷ್ಟೇ. ಫೋಟೊ ನೋಡಿದಾಗ ನನಗೆ ನಗು ಬಂತು. ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಯ ಜಾತಿಯ ಗಿಡ, ಇಷ್ಟಗಲ ಆಕಾಶ. ಜಗತ್ತಿನ ಜನ ಲಕ್ಷಗಟ್ಟಲೆ ಸುರಿದು ನೋಡಲು ಹೋಗುವುದು ಇದನ್ನೇ!

ಅಲ್ಲಿ ಮರ ಯಾಕಿಲ್ಲ ಅನ್ನೋದಕ್ಕೂ ಒಂದು ಕತೆ ಇದೆ, ಅದು ನಮಗೆ ಬೇಕಾದ ಕತೆ. ಪಕ್ಕದ ಗೊರೊಂಗೊರೊ ಕಡೆಯ ಜ್ವಾಲಾಮುಖಿಗಳು ಸಾವಿರಾರು ವರ್ಷ ಉಗುಳಿದ ಬೂದಿ ಗಾಳಿಯಲ್ಲಿ ಹಾರಿ ಬಂದು ಆ ಬಯಲ ಮೇಲೆ ಬಿತ್ತು. ಮೇಲಿನ ಮಣ್ಣು ತೆಳು, ಕೆಳಗೆ ಸಿಮೆಂಟಿನಂಥ ಗಟ್ಟಿ ಪದರ. ಮರದ ಬೇರು ಅದನ್ನು ಕೊರೆದು ಇಳಿಯಲಾರದು. ಆದರೆ ಹುಲ್ಲಿಗೆ ಅಷ್ಟು ಮಣ್ಣು ಸಾಕು, ಆ ಬೂದಿಯ ಖನಿಜದಿಂದ ಹುಲ್ಲು ಬಹಳ ಪೌಷ್ಟಿಕ. ಅದಕ್ಕೇ ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ವರ್ಷವಿಡೀ ಮಳೆಯ ಹಿಂದೆ ಸುತ್ತಿ, ಜನವರಿ-ಫೆಬ್ರುವರಿಯ ಹೊತ್ತಿಗೆ ಅಲ್ಲಿಗೇ ಬಂದು ಕರು ಹಾಕುತ್ತವೆ. ಕೆಲವೇ ವಾರಗಳಲ್ಲಿ ಲಕ್ಷಾಂತರ ಕರುಗಳು. ಹುಟ್ಟಿದ ಕೆಲವೇ ನಿಮಿಷಕ್ಕೆ ಎದ್ದು ಓಡಬೇಕು, ಇಲ್ಲದಿದ್ದರೆ ಕತ್ತೆಕಿರುಬ ಕಾದಿರುತ್ತದೆ. ಅಂದರೆ ಆ ಬಯಲು ಆದದ್ದೇ ಬೆಟ್ಟದಿಂದ. ಬೆಟ್ಟದ ಮೇಲೆ ನಿಂತು ಫೋಟೊ ತೆಗೆಸಿಕೊಂಡವರು ಬೆಟ್ಟ ಮಾಡಿದ ಕೆಲಸವನ್ನು ನೋಡಬೇಕಾದರೆ ಇಳಿದು ಬಯಲಿಗೇ ಬರಬೇಕು.

ನಮ್ಮದೂ ಅದೇ ಕತೆ, ಬಹಳ ಹಳೆಯದು ಅಷ್ಟೇ. ದಖನ್ನಿನ ನೆಲ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಬೀದರ್, ಹುಮನಾಬಾದ್ ಕಡೆ ಅದರ ಮೇಲೆ ಜಂಬಿಟ್ಟಿಗೆಯ ಕೆಂಪು ಹೊದಿಕೆ. ಲ್ಯಾಟರೈಟ್ ಅಂತ ಪುಸ್ತಕದಲ್ಲಿ ಬರುತ್ತದಲ್ಲ, ಅದೇ. ಬೀದರ್ ಕೋಟೆಯ ಕಂದಕ ಕಡಿದದ್ದು ಆ ಕಲ್ಲಿನಲ್ಲೇ. ನೆಲದೊಳಗೆ ನೀರು ಹರಿಸಿದ ಕರೇಜ್ ಸುರಂಗ ಕೊರೆದದ್ದೂ ಆ ಕಲ್ಲಿನಲ್ಲೇ. ಅದರ ಮೇಲೆ ಮಣ್ಣು ತೆಳು. ಮಳೆ ಬಿದ್ದರೆ ಹುಲ್ಲು ಬರುತ್ತದೆ, ಹುಲ್ಲು ಬಂದಲ್ಲಿಗೆ ಚಿಗರಿ ಬರುತ್ತದೆ. ಚಿಗರಿ ಅಂದರೆ ಕೃಷ್ಣಮೃಗ. ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಅದೇ ಹೆಸರಿಟ್ಟಿದ್ದಾರೆ. ಬಸ್ಸು ಹತ್ತುವ ಎಷ್ಟು ಜನ ಅದನ್ನು ನೋಡಿದ್ದಾರೋ ಗೊತ್ತಿಲ್ಲ, ನಾವಂತೂ ನೋಡಿದ್ದೇವೆ. ನೋಡಿ ಓಡಿಸಿದ್ದೇವೆ.

ಅಪ್ಪನಿಗೆ ಸಫಾರಿ ವಿಷಯ ಹೇಳಿದೆ. ಎಷ್ಟು ಖರ್ಚು ಅಂದ. ವಿಮಾನ, ವೀಸಾ, ಹಳದಿ ಜ್ವರದ ಲಸಿಕೆ, ಉದ್ಯಾನದ ಶುಲ್ಕ, ಟೆಂಟು, ಜೀಪು ಎಲ್ಲ ಸೇರಿ ಕಂಪನಿಯೊಂದು ನಮಗೆ ಕೊಟ್ಟ ಲೆಕ್ಕ ಹತ್ತಿರ ಹತ್ತಿರ ಮೂರು ಲಕ್ಷ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಏ ತಮ್ಮಾ, ಹುಲ್ಲ ನೋಡಲಿಕ್ಕ ಮೂರು ಲಕ್ಷ ಕೊಡ್ತಿ? ನಮ್ಮ ಮಡ್ಡಿಗಿ ಬಾ, ಪುಕ್ಕಟ ತೋರಸ್ತೀನಿ’ ಅಂದ.

ನಮಗೆ ಹುಮನಾಬಾದ್ ತಾಲ್ಲೂಕಿನಲ್ಲಿ ಒಂಬತ್ತು ಎಕರೆ ಹೊಲ. ಅದರಲ್ಲಿ ನಾಲ್ಕು ಎಕರೆ ಮಡ್ಡಿ. ಮುತ್ಯಾನ ಕಾಲದಿಂದಲೂ ಅಲ್ಲಿ ಬಿತ್ತಿಲ್ಲ, ದನ ಮೇಯಿಸಲು ಬಿಟ್ಟದ್ದು. ಪಕ್ಕದವರದ್ದೂ ಅಂಥದ್ದೇ ನೆಲ ಸೇರಿ ಒಂದು ಹುಲ್ಲುಬಯಲಾಗಿದೆ. ಚಿಗರಿಗಳು ಹಗಲು ಅಲ್ಲೇ ಇರುತ್ತವೆ, ರಾತ್ರಿ ಕೆಳಗಿನ ಹೊಲಕ್ಕೆ ಇಳಿಯುತ್ತವೆ. ಮೊಳಕೆ ಬಂದ ಹೆಸರು, ಎಳೆ ಜೋಳ, ಹಿಂಗಾರಿಯ ಕಡಲೆ ಯಾವುದನ್ನೂ ಬಿಡಲ್ಲ. ಅವ್ವನ ಹಳೆ ಸೀರೆಗಳೆಲ್ಲ ನಮ್ಮ ಹೊಲದ ಬೇಲಿಗೆ ಹೋಗಿವೆ. ಅಪ್ಪ ಪಟಾಕಿ ಹೊಡೆದಿದ್ದಾನೆ, ಡಬ್ಬಿ ಬಡಿದಿದ್ದಾನೆ, ಚಳಿಯಲ್ಲಿ ಕಂಬಳಿ ಹೊದ್ದು ಗುಡಿಸಲಲ್ಲಿ ಮಲಗಿದ್ದಾನೆ. ಪರಿಹಾರಕ್ಕೆ ಅಂತ ಒಮ್ಮೆ ಪಹಣಿ, ಫೋಟೊ ಹಿಡಿದು ಅಲೆದ. ಎರಡನೇ ಸಲ ಹೋಗಲಿಲ್ಲ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಹುಲಿಗೆ ಇರುವಷ್ಟೇ ರಕ್ಷಣೆ ಅದಕ್ಕೂ ಇದೆ ಅಂತ ನಾನು ಹೇಳಿದರೆ, ‘ನನಗ ಯಾವ ಪಟ್ಟಿಯಾಗ ಹಾಕ್ಯಾರ ಕೇಳಿ ಬಾ’ ಅನ್ನುತ್ತಾನೆ. ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

2025ರ ಮುಂಗಾರಿನ ಅತಿಮಳೆಗೆ ಹೆಸರು, ಉದ್ದು ಎರಡೂ ಹೋದ ಮೇಲೆ ಒಬ್ಬ ದಲ್ಲಾಳಿ ಮನೆಗೆ ಬರಲು ಶುರು ಮಾಡಿದ. ಮಡ್ಡಿ ಬೇಕಂತೆ. ಹೈವೇ ಹತ್ತಿರ, ಪ್ಲಾಟು ಮಾಡುತ್ತಾರೋ ಇನ್ನೇನೋ. ಅಪ್ಪನ ಮನಸ್ಸು ಅತ್ತ ವಾಲಿದೆ. ‘ಅದರಾಗಿಂದ ನಿನ್ನ ಆಫ್ರಿಕಾ ಖರ್ಚೂ ಆಗ್ತದ’ ಅಂತ ಫೋನಿನಲ್ಲಿ ಹೇಳಿದ. ಕುಚೋದ್ಯಕ್ಕೆ ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ಚಿಗರಿ ಇರುವ ನಮ್ಮ ಹುಲ್ಲು ಮಾರಿ ಇನ್ನೊಬ್ಬರ ಹುಲ್ಲು ನೋಡಲು ಹೋಗುವುದು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವಾರ ಊರಿಗೆ ಹೋದೆ. ಬೆಳಿಗ್ಗೆ ಐದೂವರೆಗೆ ಎದ್ದು ಮಡ್ಡಿಯ ಅಂಚಿನ ಬೇವಿನ ಗಿಡದ ಬುಡದಲ್ಲಿ ಕೂತೆ. ಟ್ರೆಕ್ಕಿಗೆ ಅಂತ ಕೊಂಡ ದುಬಾರಿ ಜಾಕೆಟ್ಟು ಮೈಮೇಲೆ, ಕೈಯಲ್ಲಿ ಗೆಳೆಯನಿಂದ ಎರವಲು ತಂದ ದುರ್ಬೀನು. ಹುಟ್ಟಿದಾಗಿನಿಂದ ನೋಡಿದ ಪ್ರಾಣಿಯನ್ನು ಓಡಿಸುವ ಉದ್ದೇಶವಿಲ್ಲದೆ ನೋಡಿದ್ದು ಅದೇ ಮೊದಲು. ಮೊದಲು ಹೆಣ್ಣುಗಳು ಕಂಡವು, ಒಣಹುಲ್ಲಿನದೇ ಬಣ್ಣ. ಅಲುಗಾಡದಿದ್ದರೆ ಇಲ್ಲವೇ ಇಲ್ಲ ಅನ್ನಬೇಕು. ಆಮೇಲೆ ಒಂದು ಗಂಡು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ, ತಿರುಚಿದ ಕೊಂಬು. ಅದು ತನ್ನ ಜಾಗಕ್ಕೆ ಗಡಿ ಹಾಕಿಕೊಂಡಿತ್ತು. ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಕಣ್ಣಿನ ಕೆಳಗಿನ ಗ್ರಂಥಿಯನ್ನು ಕಡ್ಡಿಗೆ ಒತ್ತಿ ವಾಸನೆ ಬಿಡುತ್ತದೆ. ಇನ್ನೊಂದು ಗಂಡು ಗಡಿಗೆ ಬಂದಾಗ ಮೂಗು ಮೇಲೆತ್ತಿ, ಕೊಂಬು ಬೆನ್ನಿಗೆ ತಾಗಿಸಿಕೊಂಡು, ಬಿಗುಮಾನದ ನಡಿಗೆಯಲ್ಲಿ ಎದುರು ಬಂತು. ಥೇಟು ನಮ್ಮೂರ ಬದುವಿನ ಜಗಳ. ಬಂದವನು ಸುಮ್ಮನೆ ವಾಪಸ್ ಹೋದ.

ಏಳು ಗಂಟೆಗೆ ಹೈವೇಯಲ್ಲಿ ಲಾರಿಯೊಂದು ಏರ್‌ಹಾರ್ನ್ ಹಾಕಿತು. ಒಂದು ಮರಿ ನಿಂತಲ್ಲೇ ಚೆಂಡಿನಂತೆ ಮೇಲಕ್ಕೆ ನೆಗೆಯಿತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಹಿಂಡು ಓಡಿತು. ಗಂಟೆಗೆ ಎಂಬತ್ತು ಕಿಲೊಮೀಟರ್ ತನಕ ಓಡಬಲ್ಲ ಪ್ರಾಣಿ ಅದು. ನಮ್ಮ ನಾಯಿಗಳಿಂದ ತಪ್ಪಿಸಿಕೊಳ್ಳಲು ಅಷ್ಟು ವೇಗ ಬೇಕಿಲ್ಲ. ಆ ವೇಗಕ್ಕೆ ಸರಿಜೋಡಿಯಾಗಿದ್ದ ಬೇಟೆಗಾರ ಸಿವಂಗಿ, ಅಂದರೆ ಚೀತಾ. ಭಾರತದಲ್ಲಿ ಕೊನೆಯ ಮೂರನ್ನು 1947ರಲ್ಲಿ ಮಧ್ಯ ಭಾರತದ ಕೋರಿಯಾ ಸಂಸ್ಥಾನದಲ್ಲಿ ಗುಂಡಿಟ್ಟು ಕೊಂದರು, 1952ರಲ್ಲಿ ಅಳಿದುಹೋಯಿತು ಅಂತ ಘೋಷಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟು, ಮರುವರ್ಷ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾಗಳನ್ನು ವಿಮಾನದಲ್ಲಿ ಕುನೊಗೆ ತಂದದ್ದು ಎಲ್ಲರಿಗೂ ಗೊತ್ತು. ಬಸವಕಲ್ಯಾಣದಲ್ಲಿ ಅವ್ವನ ತವರು. ಅಲ್ಲಿನ ಮುತ್ಯಾ ಎರೆಭೂತ ಅಂತ ಒಂದು ಹಕ್ಕಿಯ ಮಾತು ಹೇಳುತ್ತಿದ್ದ. ಮನುಷ್ಯನ ಹಾಗೆ ಹೊಲದಲ್ಲಿ ನಡೆಯುತ್ತಿತ್ತಂತೆ. ಸುಳ್ಳು ಅಂದುಕೊಂಡಿದ್ದೆ. ಈಗ ಅದು ಕರ್ನಾಟಕದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ.

ಅಪ್ಪನ ಮಾತಿಗೆ, ‘ಹಾಗಾದರೆ ಊರಲ್ಲೇ ನೋಡಬಹುದಲ್ಲ, ಆಫ್ರಿಕಾ ಯಾಕೆ’ ಅನ್ನುವವರಿಗೆ, ನನ್ನ ಉತ್ತರ ಇಲ್ಲಿದೆ. ಊರಲ್ಲಿ ಮೊದಲು ನೋಡಲೇಬೇಕು. ನಮ್ಮ ಮಡ್ಡಿಯೇ ಆಗಬೇಕಿಲ್ಲ, ಬೀದರ್ ಹತ್ತಿರದ ಹೊನ್ನಿಕೇರಿ ಅರಣ್ಯ ಪ್ರದೇಶ, ವಿಲಾಸಪುರ ಕೆರೆಯ ಆಸುಪಾಸಿನಲ್ಲೂ ಕೃಷ್ಣಮೃಗಗಳಿವೆ. ಜಂಗಲ್ ಲಾಡ್ಜಸ್‌ನ ‘ಬ್ಲ್ಯಾಕ್‌ಬಕ್ ರೆಸಾರ್ಟ್’ ಇರುವುದೂ ಅಲ್ಲೇ. ಹುಮನಾಬಾದಿನಿಂದ ಬೈಕಿನಲ್ಲಿ ಒಂದು ತಾಸಿನ ದಾರಿ. ಆದರೆ ನಮ್ಮ ಬಯಲಲ್ಲಿ ಅರ್ಧ ಮನೆ ಖಾಲಿಯಾಗಿದೆ. ಓಡುವವನು ಇದ್ದಾನೆ, ಓಡಿಸುವವನು ಇಲ್ಲ. ಎಲ್ಲರೂ ಇರುವ ಮನೆ ಹೇಗಿರುತ್ತದೆ ಅಂತ ಒಮ್ಮೆಯಾದರೂ ನೋಡಬೇಕಲ್ಲ? ಚೀತಾ ಇರುವ, ಸಿಂಹ ಇರುವ, ಎರೆಭೂತದ ಬಳಗದ ಕೋರಿ ಬಸ್ಟರ್ಡ್ ಹುಲ್ಲಿನಲ್ಲಿ ನಡೆಯುವ ಬಯಲನ್ನು ನೋಡಿದರೆ ಮಾತ್ರ ನಮ್ಮಲ್ಲಿ ಏನು ಇಲ್ಲ ಅಂತ ತಿಳಿದೀತು. ಎವರೆಸ್ಟ್ ಬೇಸ್ ಕ್ಯಾಂಪ್ ಎಷ್ಟು ಚಂದ ಇದ್ದರೂ ನಮ್ಮ ಹುಮನಾಬಾದಿನ ನೆಲದ ಬಗ್ಗೆ ನನಗೆ ಏನೂ ಹೇಳಲಾರದು.

ಅಂದಹಾಗೆ, ಸಫಾರಿ ಅನ್ನೋ ಮಾತಿಗೆ ನಾವು ಪರಕೀಯರೂ ಅಲ್ಲ. ಸ್ವಾಹಿಲಿಯಲ್ಲಿ ಸಫಾರಿ ಅಂದರೆ ಪ್ರಯಾಣ, ಅದು ಅರಬ್ಬಿಯ ‘ಸಫರ್’ನಿಂದ ಹೋದದ್ದು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಉರ್ದು ಮಾತಾಡುವ ಚಾಚಾಗಳ ಬಾಯಲ್ಲಿ ದಿನಾ ಕೇಳುವ ‘ಸಫರ್’ ಅದೇ. ಬೀದರಿನಲ್ಲಿ ಹಬ್ಶಿ ಕೋಟ್ ಅಂತ ದಿಬ್ಬವೇ ಇದೆ, ಬಹಮನಿ ಕಾಲದಲ್ಲಿ ಇಲ್ಲಿದ್ದ ಅಬಿಸೀನಿಯಾದವರ ನೆನಪು ಆ ಹೆಸರಿನಲ್ಲಿದೆ. ಬಸವಕಲ್ಯಾಣದ ದರ್ಗಾವೊಂದರ ಸಂತನ ಹೆಸರು ರಾಜಾ ಬಾಗ್ ಸವಾರ್, ಹುಲಿ ಸವಾರಿಯ ರಾಜ ಅಂತ. ಹುಲಿಯೇ ಇಲ್ಲದ ಊರಲ್ಲಿ ಹುಲಿ ಸವಾರ! ಆಫ್ರಿಕಾದವರು ಆರುನೂರು ವರ್ಷದ ಹಿಂದೆಯೇ ನಮ್ಮ ಬಯಲಿಗೆ ಬಂದಿದ್ದರು, ಈಗ ನಾವೊಮ್ಮೆ ಅತ್ತ ಹೋದರೆ ತಪ್ಪೇನು?

ಹಾಗಂತ ಆ ಬಯಲು ಸ್ವರ್ಗ ಅಲ್ಲ. 1959ರಲ್ಲಿ ಬ್ರಿಟಿಷರು ಮಾಸಾಯಿ ದನಗಾಹಿಗಳನ್ನು ಸೆರೆಂಗೆಟಿಯಿಂದ ಎಬ್ಬಿಸಿ ಗೊರೊಂಗೊರೊ ಕಡೆಗೆ ಕಳಿಸಿದರು. 2022ರಲ್ಲಿ ಲೊಲಿಯಾಂಡೊದಲ್ಲಿ 1,500 ಚದರ ಕಿಲೊಮೀಟರ್ ನೆಲಕ್ಕೆ ಗಡಿ ಕಲ್ಲು ನೆಡುವಾಗ ಮಾಸಾಯಿಗಳಿಗೂ ಪೊಲೀಸರಿಗೂ ಘರ್ಷಣೆಯಾಯಿತು. ಪ್ರವಾಸಿಯ ಡಾಲರಿಗೆ ಜಾಗ ಮಾಡಲು ದನ ಮೇಯಿಸುವವನು ಜಾಗ ಬಿಡಬೇಕು. ನಮ್ಮಲ್ಲೂ ಅದೇ. 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಅಂಚಿನ ಊರುಗಳಲ್ಲಿ ಹುಲಿ ದಾಳಿಗೆ ರೈತರು ಸತ್ತ ಮೇಲೆ ಸರ್ಕಾರ ಸಫಾರಿ ನಿಲ್ಲಿಸಿತು. ಆಗ ಸೋಷಿಯಲ್ ಮೀಡಿಯಾದಲ್ಲಿ ‘ನಮ್ಮ ಬುಕಿಂಗ್ ಕ್ಯಾನ್ಸಲ್ ಆಯ್ತು’ ಅಂತ ಗೊಣಗಿದವರನ್ನು ನಾನು ನೋಡಿದೆ. ನನಗೆ ನೆನಪಾದದ್ದು ಅವ್ವನ ಸೀರೆಯ ಬೇಲಿ. ಪ್ರಾಣಿ ನೋಡುವವನು ಒಬ್ಬ, ಅದಕ್ಕೆ ಮೇವು ಹಾಕುವವನು ಇನ್ನೊಬ್ಬ, ನಡುವೆ ಲೆಕ್ಕ ಚುಕ್ತಾ ಆಗುವುದೇ ಇಲ್ಲ. ನಾನು ಸಫಾರಿಗೆ ಹೋದರೆ ಜೀಪಿನವನಿಗೆ ಸಿಂಹ ಎಲ್ಲಿದೆ ಅಂತ ಕೇಳುವ ಮೊದಲು, ಈ ನೆಲದ ದನಗಳು ಎಲ್ಲಿ ಹೋದವು ಅಂತ ಕೇಳಬೇಕೆಂದಿದ್ದೇನೆ. ಜೀಪಿನವನು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಇನ್ನು ನಮ್ಮ ಕಡೆಯ ಒಂದು ತಪ್ಪು ಹೇಳದಿದ್ದರೆ ಆಗದು. ಸರ್ಕಾರಿ ನಕ್ಷೆಯಲ್ಲಿ ಹುಲ್ಲುಗಾವಲಿನ ಎಷ್ಟೋ ಭಾಗ ‘ಬಂಜರು’. ಬಂಜರು ಕಂಡರೆ ನಮಗೆ ಎರಡೇ ಉಪಾಯ ಹೊಳೆಯುತ್ತವೆ: ಪ್ಲಾಟು ಮಾಡು, ಇಲ್ಲ ಗಿಡ ನೆಡು. ಗಿಡ ನೆಡುವುದು ಪುಣ್ಯದ ಕೆಲಸ ಅಂತ ನಾವು ಕಾಲೇಜಿನಲ್ಲಿ ಜೂನ್ 5 ಬಂದರೆ ಸಾಕು, ಮಡ್ಡಿ ಹುಡುಕಿಕೊಂಡು ಗುದ್ದಲಿ ಹಿಡಿದು ಹೊರಡುತ್ತಿದ್ದೆವು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದೇ ಅಭಯಾರಣ್ಯ ಆಯಿತು, 119 ಚದರ ಕಿಲೊಮೀಟರ್. ಅದರ ಬಹುಭಾಗದಲ್ಲಿ ನೀಲಗಿರಿ ತೋಪು ಎದ್ದಿತು. ಬಯಲಲ್ಲಿ ಕಣ್ಣಳತೆಯ ದೂರ ನೋಡಿ ಬದುಕುವ ಪ್ರಾಣಿಗೆ ಮರದ ಗೋಡೆ ಕಟ್ಟಿದ ಹಾಗೆ. ನಾನೂ ಆ ಗುದ್ದಲಿ ಹಿಡಿದವರಲ್ಲಿ ಒಬ್ಬ. ಸೆಲ್ಫಿ ಇನ್ನೂ ಫೇಸ್‌ಬುಕ್‌ನಲ್ಲಿದೆ. ನಾವು ನೆಟ್ಟ ಗಿಡ ಒಂದೂ ಬದುಕಲಿಲ್ಲ, ಚಿಗರಿಯ ಪುಣ್ಯ.

ಗ್ರೂಪಿನಲ್ಲಿ ಕೊನೆಗೆ ಏನಾಯಿತು ಅಂತ ಕೇಳುತ್ತೀರಿ. ನಾನು ಒಂದು ಷರತ್ತು ಹಾಕಿದೆ. ವೋಟನ್ನು ಮತ್ತೆ ಹಾಕೋಣ, ಆದರೆ ಅದಕ್ಕೂ ಮೊದಲು ಐದೂ ಜನ ಒಂದು ಬೆಳಿಗ್ಗೆ ನಮ್ಮ ಮಡ್ಡಿಯಲ್ಲಿ ಎರಡು ತಾಸು ಸುಮ್ಮನೆ ಕೂರಬೇಕು. ಬೇಸರ ಆದರೆ ಎವರೆಸ್ಟ್ ಬೇಸ್ ಕ್ಯಾಂಪ್, ನಾನೂ ಬರುತ್ತೇನೆ. ಬಸವಕಲ್ಯಾಣದ ಗೆಳೆಯ ‘ಊಟಕ್ಕ ಅವ್ವ ಜ್ವಾಳದ ರೊಟ್ಟಿ, ಪುಂಡಿಪಲ್ಯ ಮಾಡ್ತಾಳಂದ್ರ ಬರ್ತೀನಿ’ ಅಂದ. ವೀರಭದ್ರೇಶ್ವರ ಜಾತ್ರೆಗೆ ಎಲ್ಲರೂ ಹುಮನಾಬಾದಿಗೆ ಬರುವವರೇ, ಆವಾಗ ಅಂತ ನಿಕ್ಕಿಯಾಗಿದೆ. ದುಡ್ಡಿನ ವಿಷಯದಲ್ಲಿ ನಾನು ಒಂದು ತೀರ್ಮಾನ ಮಾಡಿದ್ದೇನೆ: ಹೋದರೆ ನನ್ನ ಸಂಬಳದ ದುಡ್ಡಲ್ಲಿ, ಎರಡು ವರ್ಷ ತಡವಾದರೂ ಸರಿ. ಮಡ್ಡಿಯ ಒಂದು ರೂಪಾಯಿಯೂ ಬೇಡ ಅಂತ ಅಪ್ಪನಿಗೆ ಹೇಳಿದೆ. ಮಾರಬೇಡ ಅಂತ ಹೇಳುವ ಧೈರ್ಯ ಆಗಲಿಲ್ಲ. ಕಂಬಳಿ ಹೊದ್ದು ರಾತ್ರಿ ಕಾಯುವವನು ಅವನು, ನಾನು ಹೈದರಾಬಾದಿನಲ್ಲಿ ಫ್ಯಾನಿನ ಕೆಳಗೆ ಮಲಗುವವನು.

ಮೊನ್ನೆ ರಾತ್ರಿ ಅಪ್ಪನ ಫೋನು. ತೊಗರಿ ರಾಶಿ ಮುಗಿಯಿತು, ರೇಟು ಇಲ್ಲ, ಇತ್ಯಾದಿ. ಫೋನ್ ಇಡುವ ಮುಂಚೆ, ‘ಹದಿನಾಲ್ಕು ಅವ. ಎರಡು ಮರಿ’ ಅಂದ. ಏನು ಹದಿನಾಲ್ಕು ಅಂದೆ. ‘ನಿನ್ನ ಚಿಗರಿ. ಮುಂಜಾನಿ ಬೇವಿನ ಗಿಡದ ಬುಡಕ್ಕ ಕುಂತು ಎಣಿಸೀನಿ’ ಅಂದ. ಕಡಲೆ ತಿಂದವಾ ಅಂತ ಕೇಳಿದೆ. ತಿಂದಾವ ಅಂದ.

ದಲ್ಲಾಳಿ ಜಾತ್ರೆ ಮುಗಿದ ಮೇಲೆ ಬರುತ್ತೇನೆ ಅಂದಿದ್ದಾನಂತೆ.